ತ್ರಿಕೋನ ಒತ್ತಮ್ಮ

ಅಮ್ಮನ ಫೋನಿನ ಪರದೆಯ ಕೆಳಗೆ ಮೂರು ಗುರುತುಗಳಿವೆ. ಒಂದು ತ್ರಿಕೋನ, ಒಂದು ಸೊನ್ನೆ, ಒಂದು ಚೌಕ. ಆಂಡ್ರಾಯ್ಡ್ ಬಳಸುವ ಎಲ್ಲರಿಗೂ ಗೊತ್ತಿರುವುದೇ. ತ್ರಿಕೋನ ಒತ್ತಿದರೆ ಹಿಂದಕ್ಕೆ, ಸೊನ್ನೆ ಒತ್ತಿದರೆ ಮುಖ್ಯ ಪರದೆಗೆ, ಚೌಕ ಒತ್ತಿದರೆ ತೆರೆದಿಟ್ಟ ಆ್ಯಪ್‌ಗಳೆಲ್ಲ ಸಾಲಾಗಿ ಕಾಣುತ್ತವೆ. 2014ರಲ್ಲಿ ಆಂಡ್ರಾಯ್ಡ್ 5 ಬಂದಾಗ ಈ ಆಕಾರಗಳು ಬಂದಿದ್ದು. ಈಗಿನ ಫೋನುಗಳಲ್ಲಿ ಗುಂಡಿಗಳಿಲ್ಲದೆ ಬೆರಳು ಸರಿಸಿಯೇ ಎಲ್ಲ ಮಾಡಬಹುದು. ಬೇಕು ಅನ್ನುವವರಿಗೆ ಸೆಟ್ಟಿಂಗ್ಸ್‌ನಲ್ಲಿ ಮೂರು ಗುಂಡಿ ಈಗಲೂ ಇದೆ. ಅಮ್ಮನಿಗೆ ಬೇಕು.

ಅಮ್ಮ ತಿಪಟೂರು ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ 34 ವರ್ಷ ಟೀಚರಾಗಿದ್ದವಳು. ಬೋರ್ಡಿನ ಮೇಲೆ ತ್ರಿಕೋನ, ಚೌಕ ಬರೆದು ಬರೆದು ಪಳಗಿದ ಕೈ. 2018ರಲ್ಲಿ ರಿಟೈರ್ ಆದಾಗ ನಾನು ಒಂದು ಸ್ಮಾರ್ಟ್‌ಫೋನ್ ಕೊಡಿಸಿದೆ. ಕೈಗೆ ತೆಗೆದುಕೊಂಡವಳೇ, "ಅಯ್ಯೋ, ಇದು ಒಂದನೇ ಕ್ಲಾಸಿನ ಪಾಠ ಕಣೆ" ಅಂದಳು. ನಾನು ಬ್ಯಾಕ್, ಹೋಮ್ ಅಂತ ಕಲಿಸಲು ಹೋದೆ. ಅವಳು ಅದನ್ನೆಲ್ಲ ಬಿಟ್ಟು ತ್ರಿಕೋನ, ಸೊನ್ನೆ, ಚೌಕ ಅಂತಲೇ ಇಟ್ಟುಕೊಂಡಳು. ಆಮೇಲೆ ನಾನೂ ಹಾಗೇ ಹೇಳಲು ಶುರು ಮಾಡಿದೆ.

"ಪುಟ್ಟಿ, ಇದೇನೋ ಬಂದು ಕೂತ್ಕೊಂಡಿದೆ ಕಣೆ, ಹೋಗ್ತಾನೇ ಇಲ್ಲ."

"ಸ್ಪೀಕರ್ ಹಾಕ್ಕೊಂಡಿದೀಯಾ? ಸರಿ, ತ್ರಿಕೋನ ಒತ್ತಮ್ಮ."

"ಒತ್ತಿದೆ."

"ಇನ್ನೊಂದ್ಸಲ ಒತ್ತು."

"ಹ್ಞಾ, ಹೋಯ್ತು ನೋಡು."

ಇಷ್ಟೇ. ಬೆಂಗಳೂರಿನಲ್ಲಿ ನಾನು ಬಸ್ಸಿನಲ್ಲಿ ನಿಂತಿರುತ್ತಿದ್ದೆ, ಇಲ್ಲ ಒಲೆ ಮುಂದೆ ಇರುತ್ತಿದ್ದೆ. ಅವಳ ಪರದೆಯಲ್ಲಿ ಏನಿದೆ ಅಂತ ನನಗೆ ಕಾಣುತ್ತಿರಲಿಲ್ಲ. ಆದರೂ ಗೊತ್ತಿರುತ್ತಿತ್ತು. ಯಾಕೆಂದರೆ ನನ್ನ ಕೈಯಲ್ಲೂ ಅಂಥದ್ದೇ ಫೋನಿತ್ತು. ಮೇಲೆ ಬಲಗಡೆ ಮೂರು ಚುಕ್ಕಿ, ಅದನ್ನು ಒತ್ತು, ಮೂರನೇ ಸಾಲು ನೋಡು. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಹೆಬ್ಬೆರಳಿಗೆ ಗೊತ್ತಿದ್ದದ್ದನ್ನು ಬಾಯಿ ಹೇಳುತ್ತಿತ್ತು ಅಷ್ಟೆ. ಆ ಗೊತ್ತಿರುವಿಕೆ ಎಷ್ಟು ದೊಡ್ಡದು ಅಂತ ನನಗೆ ತಿಳಿದಿದ್ದು ನಾನು ಐಫೋನಿಗೆ ಹೋದ ಮೇಲೆ.

ಆಂಡ್ರಾಯ್ಡ್ ಮೇಲೆ ನನಗೆ ಹಳೇ ಋಣ ಇದೆ. 2011ರ ಸುಮಾರಿಗೆ ಮೊಬೈಲಿನಲ್ಲಿ ಕನ್ನಡ ಓದುವುದು ಸುಲಭ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ನೋಕಿಯಾ. ಯಾವುದಾದರೂ ಕನ್ನಡ ಪುಟ ತೆರೆದರೆ ಅಕ್ಷರ ಇರಬೇಕಾದ ಜಾಗದಲ್ಲಿ ಬರೀ ಡಬ್ಬಿಗಳು. ಆಗ ನಾವೆಲ್ಲ ಒಪೆರಾ ಮಿನಿ ಹಾಕಿಕೊಂಡು, ವಿಳಾಸ ಬರೆಯುವ ಜಾಗದಲ್ಲಿ 'ಒಪೆರಾ: ಕಾನ್ಫಿಗ್' ಅಂತ ಟೈಪ್ ಮಾಡುತ್ತಿದ್ದೆವು. ಒಂದು ಪಟ್ಟಿ ಬರುತ್ತಿತ್ತು. ಅದರಲ್ಲಿ ಕಷ್ಟದ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಅನ್ನುವ ಒಂದು ಸಾಲು. ಅದನ್ನು 'ನೋ' ಇದ್ದದ್ದು 'ಯೆಸ್' ಮಾಡಿ ಸೇವ್ ಮಾಡಿದರೆ ಕನ್ನಡ ಅಕ್ಷರಗಳು ಚಿತ್ರಗಳಾಗಿ ಬಂದು ಕೂರುತ್ತಿದ್ದವು. ಸ್ವಲ್ಪ ಮಸುಕು. ದೊಡ್ಡದು ಮಾಡಿದರೆ ಅಂಚು ಒರಟು. ಆದರೆ ಕನ್ನಡ! ಹಾಸ್ಟೆಲಿನಲ್ಲಿ ಒಬ್ಬಳಿಗೆ ಗೊತ್ತಾದರೆ ಇಡೀ ಕಾರಿಡಾರಿಗೆ ಗೊತ್ತಾಗುತ್ತಿತ್ತು. ಸಾಲಾಗಿ ಬಂದು ಫೋನ್ ಕೊಟ್ಟು ಮಾಡಿಸಿಕೊಂಡು ಹೋಗುತ್ತಿದ್ದರು.

2012ರಲ್ಲಿ ಆಂಡ್ರಾಯ್ಡ್ 4.1 ಬಂತು. ಅದರಲ್ಲಿ ಕನ್ನಡ ಸರಿಯಾಗಿ ಕಾಣಿಸತೊಡಗಿತು. ಮರುವರ್ಷ ನಾನು ಮೊದಲ ಆಂಡ್ರಾಯ್ಡ್ ಕೊಂಡಾಗ ಮಾಡಿದ ಮೊದಲ ಕೆಲಸ ಒಂದು ಕನ್ನಡ ಪತ್ರಿಕೆಯ ಪುಟ ತೆರೆದದ್ದು. ಒತ್ತಕ್ಷರ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಇದ್ದವು. ಸುಮ್ನೆ ನೋಡುತ್ತಾ ಕೂತಿದ್ದೆ. 2014ರ ಆಂಡ್ರಾಯ್ಡ್ 5ರಲ್ಲಿ ಫೋನಿನ ಭಾಷೆಯನ್ನೇ ಕನ್ನಡ ಮಾಡಿಕೊಳ್ಳಬಹುದಾಯಿತು. ಸೆಟ್ಟಿಂಗ್ಸ್ ಹೋಗಿ 'ಸೆಟ್ಟಿಂಗ್‌ಗಳು' ಆಯಿತು. ಅನುವಾದ ಕೆಲವು ಕಡೆ ಒರಟಾಗಿತ್ತು, ಅದು ಬೇರೆ ಮಾತು.

ಐಫೋನಿನಲ್ಲಿ ಈ ದಾರಿ ನಿಧಾನ. ಅಲ್ಲಿ ಕನ್ನಡ ಚೆಂದವಾಗಿಯೇ ಕಾಣುತ್ತಿತ್ತು. ಬರೆಯುವುದೇ ಕಷ್ಟ. 2014ರಲ್ಲಿ ಐಫೋನಿನ ಸಾಫ್ಟ್‌ವೇರ್ ಐಓಎಸ್ 8 ಬಂದಾಗ ಹೊರಗಿನವರ ಕೀಬೋರ್ಡ್ ಹಾಕಿಕೊಳ್ಳಲು ಬಿಟ್ಟರು. ಆಪಲ್‌ನದೇ ಕನ್ನಡ ಕೀಬೋರ್ಡ್ ಬಂದಿದ್ದು 2017ರ ಐಓಎಸ್ 11ರಲ್ಲಿ. ಅದೇ 2017ರ ಮೇ ತಿಂಗಳಲ್ಲಿ ನಮ್ಮ ಪೀಣ್ಯದಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಎಸ್‌ಇ ಜೋಡಿಸಲು ಶುರು ಮಾಡಿತು. ಭಾರತದಲ್ಲಿ ಜೋಡಿಸಿದ ಮೊದಲ ಐಫೋನ್ ಅದು. ಅಂದರೆ ಐಫೋನನ್ನು ಬೆಂಗಳೂರಿನ ಕೈಗಳು ಕೂಡಿಸುತ್ತಿದ್ದಾಗ, ಆ ಫೋನಿಗೆ ಕನ್ನಡ ಬರೆಯುವ ಕೀಲಿಮಣೆ ಇನ್ನೂ ಕೆಲವು ತಿಂಗಳು ದೂರ ಇತ್ತು. ಆಮೇಲೆ ಕೋಲಾರದ ನರಸಾಪುರ, ದೇವನಹಳ್ಳಿ ಅಂತ ಕಾರ್ಖಾನೆಗಳು ಬೆಳೆದವು. ಆದರೂ ಇಡೀ ಫೋನು ಕನ್ನಡದಲ್ಲಿ ತೋರಿಸು ಅಂತ ಕೇಳಿದರೆ ಆಗುತ್ತಿರಲಿಲ್ಲ. ನನಗೆ ಇದು ಈಗಲೂ ನೋವಿನ ವಿಷಯ. ಕೆಲಸ ನಮ್ಮದು, ಭಾಷೆ ಆಮೇಲೆ ನೋಡೋಣ ಅನ್ನುವ ಹಾಗೆ.

ಇಷ್ಟು ಗೊತ್ತಿದ್ದೂ ನಾನ್ಯಾಕೆ ಬದಲಾಯಿಸಿದೆ?

ಅಪ್‌ಡೇಟ್ ಸಲುವಾಗಿ. ನನ್ನ ಆಂಡ್ರಾಯ್ಡ್ ಫೋನು ಚೆನ್ನಾಗಿಯೇ ಇತ್ತು. ಪರದೆ ಒಡೆದಿರಲಿಲ್ಲ, ಬ್ಯಾಟರಿ ಸಂಜೆವರೆಗೆ ಬರುತ್ತಿತ್ತು. ಆದರೆ ಕೊಂಡ ಎರಡೇ ವರ್ಷಕ್ಕೆ ಅದನ್ನು ಮಾಡಿದ ಕಂಪನಿ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿತು. ಆಮೇಲೆ ಸೆಕ್ಯುರಿಟಿ ಅಪ್‌ಡೇಟೂ ನಿಂತಿತು. ಒಳ್ಳೆಯ ಫೋನನ್ನು ಹಾಗೆ ಬಿಟ್ಟುಬಿಡುವುದು ನನಗೆ ಸಹಿಸಲಾಗಲಿಲ್ಲ. ಆಫೀಸಿನಲ್ಲಿ ಪಕ್ಕ ಕೂರುತ್ತಿದ್ದವರ ಹತ್ತಿರ 2015ರ ಐಫೋನ್ 6ಎಸ್ ಇತ್ತು. ಅದಕ್ಕೆ 2021ರ ಐಓಎಸ್ 15 ಕೂಡ ಸಿಕ್ಕಿತ್ತು. ಆರು ವರ್ಷ! ಒಂದು ಸಲ ದುಡ್ಡು ಹಾಕಿದರೆ ಐದಾರು ವರ್ಷ ಚಿಂತೆ ಇಲ್ಲ ಅನ್ನುವ ಲೆಕ್ಕ ನನಗೆ ಹಿಡಿಸಿತು. 2022ರ ದೀಪಾವಳಿಗೆ ಐಫೋನ್ 13 ತಂದೆ.

ತಂದ ರಾತ್ರಿ ನೆನಪಿದೆ. ನಾನು ಕಾದಿದ್ದು ವಾಟ್ಸಾಪ್‌ಗಾಗಿ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಗೂಗಲ್ ಡ್ರೈವ್‌ಗೆ ಹೋಗುತ್ತದೆ, ಐಫೋನಿನಲ್ಲಿ ಐಕ್ಲೌಡ್‌ಗೆ. ಒಂದರದ್ದು ಇನ್ನೊಂದಕ್ಕೆ ಓದಲು ಬರುವುದಿಲ್ಲ. ಆಂಡ್ರಾಯ್ಡ್‌ನಿಂದ ಐಫೋನಿಗೆ ಮಾತುಕತೆ ಸಾಗಿಸಲು ವಾಟ್ಸಾಪ್‌ನವರೇ ದಾರಿ ಕೊಟ್ಟಿದ್ದು 2022ರ ಜೂನ್‌ನಲ್ಲಿ. ಅದಕ್ಕೆ ಮುಂಚೆ ಫೋನ್ ಬದಲಾಯಿಸಿದ ಎಷ್ಟೋ ಜನ ಹಳೇ ಮಾತುಗಳನ್ನು ಹಾಗೇ ಬಿಟ್ಟು ಬಂದಿದ್ದಾರೆ.

ದಾರಿ ಇತ್ತು, ಆದರೆ ಷರತ್ತುಗಳೂ ಇದ್ದವು. ಎರಡೂ ಫೋನು ಚಾರ್ಜಿಗೆ ಹಾಕಿರಬೇಕು. ಒಂದೇ ವೈಫೈನಲ್ಲಿರಬೇಕು. ಮುಖ್ಯವಾಗಿ ಐಫೋನ್ ಹೊಸದಾಗಿ ಡಬ್ಬಿಯಿಂದ ತೆಗೆದ ಹಾಗಿರಬೇಕು. ನಾನು ಅಷ್ಟರಲ್ಲಿ ಆಸೆಗೆ ಬಿದ್ದು ಐಫೋನ್ ಶುರು ಮಾಡಿ, ಅಂಗಳದ ದೀಪದ ಎರಡು ಫೋಟೋ ಕೂಡ ತೆಗೆದುಬಿಟ್ಟಿದ್ದೆ. ಎಲ್ಲ ಅಳಿಸಿ ಮತ್ತೆ ಮೊದಲಿಂದ. ಐಫೋನಿನ ಮೇಲೆ ಒಂದು ಕೋಡ್ ಬಂತು, ಅದನ್ನು ಹಳೇ ಫೋನಿನ 'ಮೂವ್ ಟು ಐಓಎಸ್' ಆ್ಯಪ್‌ನಲ್ಲಿ ಒತ್ತಿದೆ. ಪಟ್ಟಿಯಲ್ಲಿ ವಾಟ್ಸಾಪ್ ಆರಿಸಿದೆ. ಆಮೇಲೆ ಕಾಯುವುದು. ಹೊರಗೆ ಪಟಾಕಿ, ಒಳಗೆ ಎರಡು ಫೋನು ಪಕ್ಕಪಕ್ಕ, ಒಂದರಿಂದ ಒಂದಕ್ಕೆ ಒಂಬತ್ತು ವರ್ಷ ಹರಿದು ಬರುತ್ತಿತ್ತು. ಮಧ್ಯರಾತ್ರಿ ಹೊತ್ತಿಗೆ ಮುಗಿಯಿತು. ಅಮ್ಮನ ಹೆಸರು ಹುಡುಕಿ ಮೇಲಕ್ಕೆ ಎಳೆಯುತ್ತಾ ಹೋದೆ. 2018ರ ಮೊದಲ ಮೆಸೇಜ್‌ವರೆಗೂ ಇತ್ತು. ಆಗ ಮಲಗಿದೆ.

ಉಳಿದದ್ದೆಲ್ಲ ಸಣ್ಣಪುಟ್ಟ ಕೆಲಸ. ಕಾಂಟ್ಯಾಕ್ಟ್‌ಗಳು ಗೂಗಲ್ ಖಾತೆಯಲ್ಲಿದ್ದವು, ಹಾಗೇ ಬಂದವು. ಫೋಟೋಗಳೂ ಅಷ್ಟೇ. ಐಕ್ಲೌಡ್ ಪುಕ್ಕಟೆ ಕೊಡುವುದು 5 ಜಿಬಿ, ಗೂಗಲ್ ಕೊಡುವುದು 15 ಜಿಬಿ. ಹಾಗಾಗಿ ನನ್ನ ಐಫೋನಿನ ಫೋಟೋಗಳು ಈಗಲೂ ಗೂಗಲ್ ಫೋಟೋಸ್‌ಗೇ ಹೋಗುತ್ತವೆ. ಯುಪಿಐ ಮಾತ್ರ ಸ್ವಲ್ಪ ಕಾಡಿಸಿತು. ಆಂಡ್ರಾಯ್ಡ್‌ನಲ್ಲಿ ನಂಬರ್ ಖಚಿತ ಮಾಡಿಕೊಳ್ಳುವ ಎಸ್‌ಎಂಎಸ್ ಅನ್ನು ಆ್ಯಪ್ ತಾನೇ ಕಳಿಸುತ್ತದೆ. ಐಫೋನಿನಲ್ಲಿ ಗೊತ್ತುಗುರಿ ಇಲ್ಲದ ಅಕ್ಷರಗಳಿರುವ ಒಂದು ಮೆಸೇಜ್ ತೆರೆದುಕೊಳ್ಳುತ್ತದೆ, ಅದನ್ನು ನಾವೇ ಕಳಿಸಬೇಕು. ನನ್ನದು ಎರಡು ಸಿಮ್. ಮೊದಲ ಸಲ ಬೇರೆ ಸಿಮ್ಮಿನಿಂದ ಹೋಯಿತು. ಮರುದಿನ ತರಕಾರಿ ಅಂಗಡಿಯಲ್ಲಿ ಚಿಲ್ಲರೆ ಕೊಟ್ಟು ಬಂದೆ.

ಇನ್ನೊಂದು ನೆನಪು. ಅರ್ಜಿಗೊಂದು ಫೋಟೋ ಪ್ರಿಂಟ್ ಬೇಕಿತ್ತು. ಮನೆ ಹತ್ತಿರದ ಜೆರಾಕ್ಸ್ ಅಂಗಡಿಗೆ ಕಳಿಸಿದೆ. "ಮೇಡಂ, ಇದು ಓಪನ್ ಆಗ್ತಿಲ್ಲ" ಅಂದರು. ಐಫೋನ್ 2017ರಿಂದ ಫೋಟೋಗಳನ್ನು ಎಚ್‌ಇಐಸಿ ಅನ್ನುವ ರೂಪದಲ್ಲಿ ಉಳಿಸುತ್ತದೆ. ಜಾಗ ಕಮ್ಮಿ ಸಾಕು, ಆದರೆ ಹಳೇ ಕಂಪ್ಯೂಟರಿಗೆ ಅರ್ಥ ಆಗುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ 'ಮೋಸ್ಟ್ ಕಂಪಾಟಿಬಲ್' ಅಂತ ಒಂದು ಸಲ ಮಾಡಿದರೆ ಮುಂದಿನ ಫೋಟೋಗಳು ಜೆಪೆಗ್ ಆಗಿಯೇ ಬರುತ್ತವೆ. ನೀವೂ ಹೊಸದಾಗಿ ಐಫೋನ್ ಕೊಂಡಿದ್ದರೆ ಇವತ್ತೇ ಮಾಡಿಬಿಡಿ, ಅರ್ಜಿ ಹಾಕುವ ಕೊನೆ ದಿನ ಗೊತ್ತಾಗುವುದು ಬೇಡ.

ಎರಡು ವಾರದಲ್ಲಿ ನಾನು ಹೊಂದಿಕೊಂಡೆ. ಚೆನ್ನಾಗಿತ್ತು. ಈಗಲೂ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಹೆಬ್ಬೆರಳು ಮಾತ್ರ ಬಹಳ ದಿನ ಪರದೆಯ ಕೆಳಗೆ ಇಲ್ಲದ ತ್ರಿಕೋನವನ್ನು ಹುಡುಕುತ್ತಿತ್ತು.

ಒಂದು ದಿನ ಅಮ್ಮನ ಫೋನ್ ಬಂತು. ಅಕ್ಷರ ಇದ್ದಕ್ಕಿದ್ದ ಹಾಗೆ ಸಣ್ಣದಾಗಿದೆ, ದೊಡ್ಡದು ಮಾಡುವುದು ಹೇಗೆ ಅಂತ. ಹೇಳಲು ಬಾಯಿ ತೆರೆದೆ. ಮೇಲಿಂದ ಕೆಳಕ್ಕೆ ಎಳಿ ಅಂದೆ. ಆಮೇಲೆ? ಹಲ್ಲಿನಾಕಾರದ ಚಕ್ರ ಎಡಗಡೆಯೋ ಬಲಗಡೆಯೋ? ಡಿಸ್‌ಪ್ಲೇ ಎಷ್ಟನೆಯದು? ಮೂರೇ ತಿಂಗಳಿಗೆ ಮರೆತಿದ್ದೆ. "ಇರಲಿ ಬಿಡು, ಕನ್ನಡಕ ಹಾಕ್ಕೊಂಡ್ರೆ ಕಾಣುತ್ತೆ" ಅಂದಳು. ನನಗೆ ಕೆಟ್ಟದೆನಿಸಿತು. ಅವಳ ಫೋನು ಹಾಗೇ ಇತ್ತು. ನಾನು ಎದ್ದು ಬೇರೆ ಕಡೆ ಹೋಗಿ ಕೂತಿದ್ದೆ.

ಇದಕ್ಕೆ ಪರಿಹಾರ ಏನು ಅಂತ ಯೋಚಿಸಿದಾಗ ನನಗೆ ಹೊಳೆದದ್ದು ತಪ್ಪು ಪರಿಹಾರ. ಅಮ್ಮನಿಗೂ ಐಫೋನ್ ಕೊಡಿಸಿದರೆ ಆಯಿತು ಅಂದುಕೊಂಡೆ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಅಣ್ಣನೂ ಅದನ್ನೇ ಹೇಳುತ್ತಿದ್ದ. ಅವನ ಮನೆಯಲ್ಲಿ ಎಲ್ಲರದೂ ಐಫೋನ್. ಅಲ್ಲಿನ ಶಾಲೆಯ ಮಕ್ಕಳಲ್ಲಿ ನೀಲಿ ಗುಳ್ಳೆ, ಹಸಿರು ಗುಳ್ಳೆ ಅಂತ ದೊಡ್ಡ ವಿಷಯ. ಐಫೋನಿನಿಂದ ಐಫೋನಿಗೆ ಕಳಿಸಿದ ಮೆಸೇಜ್ ನೀಲಿಯಾಗಿ, ಆಂಡ್ರಾಯ್ಡ್‌ನವರಿಗೆ ಕಳಿಸಿದ್ದು ಹಸಿರಾಗಿ ಕಾಣುತ್ತದೆ, ಹಸಿರಿನವರನ್ನು ಗುಂಪಿಗೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾರಂತೆ. ನಮ್ಮಲ್ಲಿ ಮೆಸೇಜ್ ಡಬ್ಬಿಗೆ ಬರುವುದು ಓಟಿಪಿ ಮಾತ್ರ, ಮಾತೆಲ್ಲ ವಾಟ್ಸಾಪ್‌ನಲ್ಲಿ. ಹಾಗಾಗಿ ಆ ಬಣ್ಣದ ಜಗಳ ನಮಗೆ ತಟ್ಟಿಲ್ಲ. ಅಣ್ಣನಿಗೆ ಬೇಕಿದ್ದದ್ದು ಫೇಸ್‌ಟೈಮ್, ಆಪಲ್‌ನ ವಿಡಿಯೋ ಕಾಲ್. ಮೊಮ್ಮಕ್ಕಳ ಜೊತೆ ಅಮ್ಮ ಚೆನ್ನಾಗಿ ಮಾತಾಡಲಿ ಅಂತ.

2023ರ ಯುಗಾದಿಗೆ ಐಫೋನ್ ಎಸ್‌ಇ ತೆಗೆದುಕೊಂಡು ಊರಿಗೆ ಹೋದೆ. ಯೋಚನೆ ಮಾಡಿಯೇ ಎಸ್‌ಇ ಆರಿಸಿದ್ದೆ. ಅದಕ್ಕೆ ಕೆಳಗೆ ಒಂದು ದುಂಡನೆಯ ಗುಂಡಿ ಇದೆ, ವಯಸ್ಸಾದವರಿಗೆ ಸುಲಭ ಅಂತ. ಅಮ್ಮ ಹೋಳಿಗೆ ತಟ್ಟಿದ ಕೈ ತೊಳೆದುಕೊಂಡು ಬಂದು ಫೋನ್ ತಿರುಗಿಸಿ ನೋಡಿದಳು.

"ಸೊನ್ನೆ ಇದೆ. ತ್ರಿಕೋನ ಎಲ್ಲಿ?"

ತ್ರಿಕೋನ ಇಲ್ಲಮ್ಮ, ಎಡಗಡೆ ಅಂಚಿನಿಂದ ಬೆರಳು ಹೀಗೆ ಎಳೀಬೇಕು ಅಂತ ತೋರಿಸಿದೆ. ಎಳೆದಳು. ಒಂದು ಆ್ಯಪ್‌ನಲ್ಲಿ ಹಿಂದಕ್ಕೆ ಬಂತು. ಇನ್ನೊಂದರಲ್ಲಿ ಬರಲಿಲ್ಲ. ಅಲ್ಲಿ ಮೇಲೆ ಮೂಲೆಯಲ್ಲಿ ಸಣ್ಣ ಬಾಣ ಇರುತ್ತೆ ನೋಡು, ಅದನ್ನು ಒತ್ತಬೇಕು ಅಂದೆ. "ಒಂದೇ ಕೆಲಸಕ್ಕೆ ಎರಡು ದಾರಿ ಯಾಕೆ?" ಅಂದಳು. ಟೀಚರ್ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಭ್ಯಾಸ ಆಗುತ್ತೆ ಬಿಡು ಅಂದೆ. ಹಳೇ ಫೋನಿನ ವಾಟ್ಸಾಪನ್ನು ಇದಕ್ಕೆ ಸಾಗಿಸಿದೆ, ಮೊಮ್ಮಕ್ಕಳಿಗೆ ಫೇಸ್‌ಟೈಮ್ ಮಾಡಿಸಿದೆ, ಸೋಮವಾರ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಬಂದುಬಿಟ್ಟೆ.

ಇಲ್ಲಿ ಅಮ್ಮನ ಬರವಣಿಗೆ ಬಗ್ಗೆ ಹೇಳಬೇಕು. ಅವಳು ಫೋನಿನಲ್ಲಿ ಟೈಪ್ ಮಾಡುತ್ತಿರಲಿಲ್ಲ, ಬರೆಯುತ್ತಿದ್ದಳು. ಗೂಗಲ್ ಕೀಬೋರ್ಡಿನಲ್ಲಿ ಕೈಬರಹ ಅಂತ ಒಂದು ಬಗೆ ಇದೆ. ಕೀಲಿಗಳ ಬದಲು ಖಾಲಿ ಜಾಗ ಬರುತ್ತದೆ. ಅದರ ಮೇಲೆ ಬೆರಳಿನಲ್ಲಿ ಬರೆದರೆ ಅಚ್ಚಿನ ಅಕ್ಷರ ಆಗುತ್ತದೆ. 2018ರಲ್ಲೇ ಅದನ್ನು ಹಾಕಿಕೊಟ್ಟಿದ್ದೆ. ಅವಳು ಫೋನನ್ನು ತೊಡೆಯ ಮೇಲೆ ಸ್ಲೇಟಿನ ಹಾಗೆ ಅಂಗಾತ ಇಟ್ಟುಕೊಳ್ಳುತ್ತಾಳೆ. ಬಲಗೈ ತೋರುಬೆರಳು. ತಲೆಕಟ್ಟು, ಆಮೇಲೆ ಮೈ, ಆಮೇಲೆ ಕೆಳಗೆ ಒತ್ತು. 'ತೋಟಕ್ಕೆ' ಅಂತ ಬರೆದರೆ ಕಡೆಯ ಕ ಒತ್ತು ಕೂಡ ಗುಂಡಗೆ, ಮೇಲಿನ ಅಕ್ಷರಕ್ಕೆ ತಾಕದ ಹಾಗೆ. ಬೆರಳು ಎತ್ತಿ ಒಂದು ಕ್ಷಣ ಕಾಯುತ್ತಾಳೆ. ಪದ ಮೇಲೆ ಹೋಗಿ ಕೂತಾಗ ತಲೆ ಆಡಿಸುತ್ತಾಳೆ, ಮಗು ಸರಿ ಉತ್ತರ ಹೇಳಿದ ಹಾಗೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ರೀತಿ ಅವಳಿಗೂ ತೋರಿಸಿದ್ದೆ. ನಾನು ಬಳಸುವುದು ಅದನ್ನೇ. "ಮನೆಗೆ ಬರೋಕೆ ಪಕ್ಕದ ಊರು ಸುತ್ಕೊಂಡು ಬರೋ ಹಾಗಿದೆ" ಅಂತ ಬಿಟ್ಟಳು.

ಅವಳ ಮೆಸೇಜು ಅಂದರೆ ಕಾಗದವೇ. "ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ." ಆಮೇಲೆ ಕೊಬ್ಬರಿ ರೇಟು, ಕಾಯಿ ಕೀಳಲು ಯಾರು ಬಂದಿದ್ದರು, ಅಪ್ಪನ ಮಂಡಿ ನೋವು, ಹೊಸ ಕರು. ಕಡೆಗೆ "ಉಳಿದದ್ದು ಫೋನಿನಲ್ಲಿ." ಎಲ್ಲ ಪೂರ್ಣವಿರಾಮ ಸಮೇತ. ಅಪ್ಪನದು ಇನ್ನೂ ಕೀಪ್ಯಾಡ್ ಫೋನು. ಅವರ ಮಾತೂ ಅಮ್ಮನ ಮೂಲಕವೇ ಬರುತ್ತಿತ್ತು.

ಐಫೋನಿಗೆ ಅಂಥ ಕನ್ನಡ ಕೈಬರಹದ ಕೀಬೋರ್ಡ್ ನಾನು ಹುಡುಕಿದ ಮಟ್ಟಿಗೆ ಸಿಗಲಿಲ್ಲ. ಕೊಡಿಸುವ ಮುಂಚೆ ಹುಡುಕಿರಲೂ ಇಲ್ಲ. ಕೀಬೋರ್ಡ್ ಇದೆಯಲ್ಲ, ಸಾಕು ಅಂದುಕೊಂಡಿದ್ದೆ. ತಪ್ಪು ನನ್ನದೇ.

ಏಪ್ರಿಲ್‌ನಲ್ಲಿ ಅಮ್ಮ ಬರೆಯುವ ಬದಲು ಮಾತು ರೆಕಾರ್ಡ್ ಮಾಡಿ ಕಳಿಸತೊಡಗಿದಳು. ಮೇ ಹೊತ್ತಿಗೆ ಅದೂ ಕಮ್ಮಿ ಆಯಿತು. ಆಮೇಲೆ ಬರೀ ಹೆಬ್ಬೆಟ್ಟಿನ ಚಿತ್ರ. ನಾನು ಏನು ಕಳಿಸಿದರೂ ಒಂದು ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತುವವರಿಗೆ ಸಹಿ ಹಾಕಲು ಕಲಿಸಿದವಳು ನನ್ನಮ್ಮ. ಸಾಕ್ಷರತಾ ಆಂದೋಲನದ ದಿನಗಳಲ್ಲಿ ರಾತ್ರಿ ಲಾಟೀನು ಹಿಡಿದು ಹೋಗುತ್ತಿದ್ದದ್ದು ನನಗೆ ನೆನಪಿದೆ. ಅವಳೇ ಹೆಬ್ಬೆಟ್ಟು ಕಳಿಸುತ್ತಿದ್ದಳು, ನಾನು ಅದನ್ನು ನೋಡಿ, ಪರವಾಗಿಲ್ಲ, ಅಮ್ಮ ಹೊಸ ಫೋನಿಗೆ ಹೊಂದಿಕೊಂಡಳು ಅಂದುಕೊಂಡೆ.

ಜೂನ್ ಕೊನೆಗೆ ಊರಿಗೆ ಹೋದಾಗ ಉಳಿದದ್ದು ತಿಳಿಯಿತು. ನಮ್ಮೂರಿನಲ್ಲಿ ಯಾರ ಫೋನು ಕೈಕೊಟ್ಟರೂ ಪಕ್ಕದ ಮನೆ ಹುಡುಗನ ಹತ್ತಿರ ಹೋಗುತ್ತಾರೆ. ಅವನಿಗಾಗದಿದ್ದರೆ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿ. ಹಾಲು ಹಾಕಲು ಡೈರಿಗೆ ಹೋದರೆ ಅಲ್ಲೂ ಒಬ್ಬರು ಹೇಳಿಕೊಡುತ್ತಾರೆ. ಭಾರತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಫೋನು ಆಂಡ್ರಾಯ್ಡ್. ಅಂಕಿ ಅಂಶ ಬಿಡಿ, ನಮ್ಮ ಬೀದಿಯಲ್ಲಂತೂ ಎಲ್ಲರದೂ ಅದೇ. ಅಮ್ಮ ಹೊಸ ಫೋನ್ ಹಿಡಿದು ಹೋದರೆ ಆ ಹುಡುಗ, ಅವಳ ಹಳೇ ವಿದ್ಯಾರ್ಥಿ, ಕೈ ಹಿಂದಕ್ಕೆ ತೆಗೆದುಕೊಂಡನಂತೆ. "ಟೀಚರ್, ಇದು ಐಫೋನು. ನಂಗೊತ್ತಾಗಲ್ಲ. ಏನಾದ್ರೂ ಆದ್ರೆ?" ತುರುವೇಕೆರೆಯಲ್ಲಿ ಒಂದು ಮದುವೆಗೆ ಹೋದಾಗ ಚಾರ್ಜ್ ಮುಗಿದಿದೆ. ಛತ್ರದಲ್ಲಿ ಕೇಳಿದವರೆಲ್ಲರ ಹತ್ತಿರ ಸಿ ಟೈಪ್ ಇತ್ತು, ಐಫೋನ್ ಪಿನ್ ಇರಲಿಲ್ಲ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 15ಕ್ಕೆ ಸಿ ಟೈಪ್ ಬಂತು. ಅಮ್ಮನ ಫೋನಿಗೆ ಅದರಿಂದ ಏನೂ ಆಗಲಿಲ್ಲ. ಕೊಬ್ಬರಿ ಮಂಡಿಯವರು ಲೆಕ್ಕ ನೋಡಲು ಕೊಟ್ಟಿದ್ದ ಆ್ಯಪ್ ಕೂಡ ಆಂಡ್ರಾಯ್ಡ್‌ಗೆ ಮಾತ್ರ.

ನಾನು ಕೊಟ್ಟದ್ದು ದುಬಾರಿ ಫೋನು. ಕಿತ್ತುಕೊಂಡದ್ದು ಇಡೀ ಬೀದಿಯನ್ನು.

ಆ ಸಂಜೆ ದಿನಸಿ ಬರೆಯಲು ಲೆಕ್ಕದ ನೋಟ್‌ಬುಕ್ ತೆಗೆದೆ. ಹಿಂದಿನ ಹಾಳೆಗಳಲ್ಲಿ ಅಮ್ಮನ ಅಕ್ಷರ. "ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು." ಕೆಳಗೆ ತಾರೀಖು. ತಿರುಗಿಸಿದೆ, ಇನ್ನೊಂದು. ಒಟ್ಟು ಹನ್ನೊಂದು ಇದ್ದವು. "ಮೇಲಿನ ತೋಟದ ಮೋಟ್ರು ಸುಟ್ಟು ನಾಲ್ಕು ದಿನ ಆಯಿತು. ವೈಂಡಿಂಗ್‌ಗೆ ಕೊಟ್ಟಿದೆ." "ನಿನ್ನಪ್ಪನಿಗೆ ಬಿಪಿ ಮಾತ್ರೆ ಬದಲಾಯಿಸಿದ್ದಾರೆ. ಗಾಬರಿ ಬೇಡ." "ಕೆಂಪಿ ಹಸು ಗಬ್ಬ ಆಗಿದೆ." ಒಂದೂ ನನಗೆ ಬಂದಿರಲಿಲ್ಲ.

"ಅಮ್ಮಾ, ಇದನ್ನೆಲ್ಲ ಫೋನಲ್ಲಿ ಹೇಳಬಹುದಿತ್ತಲ್ವಾ?"

ಅವಳು ತಟ್ಟೆಯಲ್ಲಿದ್ದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ತಲೆ ಎತ್ತಲಿಲ್ಲ. "ಫೋನ್ ಮಾಡಿದ್ರೆ ನೀನು ಅರ್ಜೆಂಟಲ್ಲಿರ್ತೀಯ. ಬರೆದ್ರೆ ನಿಂಗೆ ಬಿಡುವಾದಾಗ ಓದ್ಕೋತೀಯ. ಅದ್ರಲ್ಲಿ ಬರೆಯೋಕೆ ಬರ್ಲಿಲ್ಲ. ಅಭ್ಯಾಸ ತಪ್ಪೋದು ಬೇಡ ಅಂತ ಇದ್ರಲ್ಲಿ ಬರೆದಿಟ್ಟೆ."

ಹಳೇ ಫೋನು ಎಲ್ಲಿ ಅಂತ ಕೇಳಿದೆ. ಬೀರುವಿನಲ್ಲಿ, ಅಪ್ಪನ ಮದುವೆ ಪಂಚೆಯ ಕೆಳಗೆ, ಟವೆಲ್‌ನಲ್ಲಿ ಸುತ್ತಿ ಇಟ್ಟಿದ್ದಳು. ರಾತ್ರಿಯೇ ಚಾರ್ಜಿಗೆ ಹಾಕಿದೆ. ಸಿಮ್ ತೆಗೆಯುವ ಮುಂಚೆ ಐಫೋನಿನಲ್ಲಿ ಐಮೆಸೇಜ್ (ಐಫೋನಿನವರು ತಮ್ಮತಮ್ಮಲ್ಲಿ ಮೆಸೇಜ್ ಕಳಿಸಲು ಆಪಲ್ ಕೊಟ್ಟಿರುವ ವ್ಯವಸ್ಥೆ) ಮತ್ತು ಫೇಸ್‌ಟೈಮ್ ಎರಡನ್ನೂ ಆಫ್ ಮಾಡಿದೆ. ಐಫೋನ್ ಬಿಟ್ಟು ಹೋಗುವವರು ಇದನ್ನು ಮರೆಯಬಾರದು. ಮರೆತರೆ ಬೇರೆ ಐಫೋನಿನವರು ಕಳಿಸಿದ ಮೆಸೇಜ್ ಹಳೇ ವಿಳಾಸಕ್ಕೇ ಹೋಗುತ್ತಿರುತ್ತದೆ, ಹೊಸ ಫೋನಿಗೆ ಬರುವುದಿಲ್ಲ. ಆಮೇಲೆ ಸಿಮ್ ಹಾಕಿ ವಾಟ್ಸಾಪ್‌ಗೆ ನಂಬರ್ ಕೊಟ್ಟೆ. ಯುಗಾದಿವರೆಗಿನ ಮಾತುಗಳು ಇದ್ದ ಹಾಗೇ ಇದ್ದವು. ನಡುವಿನ ಮೂರು ತಿಂಗಳು ಮಾತ್ರ ಐಫೋನಿನಲ್ಲಿ ಉಳಿಯಿತು. ಅದರಲ್ಲಿ ಇದ್ದದ್ದಾದರೂ ಏನು, ಹೆಬ್ಬೆಟ್ಟುಗಳು.

ಬೆಳಿಗ್ಗೆ ಅಮ್ಮ ಜಗಲಿ ಮೇಲೆ ಕೂತು ಫೋನನ್ನು ತೊಡೆ ಮೇಲೆ ಅಂಗಾತ ಇಟ್ಟುಕೊಂಡಳು. ಹಟ್ಟಿಯಲ್ಲಿದ್ದ ನನಗೆ ಮೆಸೇಜ್ ಬಂತು. ಅಣ್ಣನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರಿ, ವಾಟ್ಸಾಪ್ ವಿಡಿಯೋನೇ ಮಾಡೋಣ" ಅಂದ. ಆ ಎಸ್‌ಇ ಈಗ ಅವನ ಹೆಂಡತಿಯ ತಂಗಿಯ ಹತ್ತಿರ ಇದೆ.

ನಾನು ವಾಪಸ್ ಹೋದೆನಾ? ಇಲ್ಲ. ಐಫೋನ್ 13 ಇನ್ನೂ ನನ್ನ ಹತ್ತಿರ ಇದೆ, ಪ್ರತಿ ವರ್ಷ ಅಪ್‌ಡೇಟ್ ಬರುತ್ತಿದೆ, ದುಡ್ಡು ಕೊಟ್ಟಿದ್ದಕ್ಕೆ ಮೋಸ ಇಲ್ಲ. ಆದರೆ ಯಾವ ಕಾರಣಕ್ಕೆ ಬದಲಾಯಿಸಿದ್ದೆನೋ ಆ ಕಾರಣ ಈಗ ಗಟ್ಟಿಯಾಗಿ ಉಳಿದಿಲ್ಲ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇನೆ ಅಂತ ಮಾತು ಕೊಟ್ಟಿತು. ಮೂರು ತಿಂಗಳಿಗೆ ಸ್ಯಾಮ್‌ಸಂಗ್ ಕೂಡ ಎಸ್24ಕ್ಕೆ ಅದೇ ಮಾತು ಹೇಳಿತು. ಒಂದೇ ವರ್ಷ ತಡೆದಿದ್ದರೆ ನಾನು ಬಹುಶಃ ಎದ್ದು ಹೋಗುತ್ತಲೇ ಇರಲಿಲ್ಲ. ಮುಂದಿನ ಫೋನು ಯಾವುದು ಅಂತ ಕೇಳಿದರೆ ನನ್ನ ಮನಸ್ಸು ತ್ರಿಕೋನದ ಕಡೆಗೇ ಇದೆ.

ಅಲ್ಲಿಯವರೆಗೆ ನನ್ನ ಹಳೇ ಆಂಡ್ರಾಯ್ಡನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಸಿಮ್ ಇಲ್ಲ, ಬ್ಯಾಂಕ್ ಆ್ಯಪ್ ಯಾವುದೂ ಇಲ್ಲ, ಮನೆಯ ವೈಫೈ ಸಾಕು. ಅಪ್‌ಡೇಟ್ ನಿಂತಿದ್ದರೂ ಈ ಕೆಲಸಕ್ಕೆ ತೊಂದರೆ ಇಲ್ಲ. ಭಾನುವಾರ ಬೆಳಿಗ್ಗೆ ಚಾರ್ಜಿಗೆ ಹಾಕುತ್ತೇನೆ. ಭಾಷೆ ಕನ್ನಡ, ಕೆಳಗೆ ಮೂರು ಗುಂಡಿ, ಅಕ್ಷರ ದೊಡ್ಡದು, ಅಮ್ಮನ ಫೋನಿನಲ್ಲಿ ಯಾವ ಆ್ಯಪ್ ಯಾವ ಜಾಗದಲ್ಲಿದೆಯೋ ಇದರಲ್ಲೂ ಅಲ್ಲೇ. ಅವಳ ಫೋನ್ ಬಂದರೆ ಐಫೋನನ್ನು ಸ್ಪೀಕರಿಗೆ ಹಾಕಿ, ಇದನ್ನು ತೆಗೆದು ಎದುರಿಗಿಟ್ಟುಕೊಳ್ಳುತ್ತೇನೆ. ಅವಳು ಅಲ್ಲಿ ಒತ್ತಿದ್ದನ್ನು ನಾನು ಇಲ್ಲಿ ಒತ್ತುತ್ತೇನೆ.

ಐಫೋನಿನಲ್ಲೂ ಕನ್ನಡ ಮುಂದೆ ಬಂದಿದೆ, ಅದನ್ನೂ ಹೇಳಬೇಕು. 2024ರ ಐಓಎಸ್ 18ರಲ್ಲಿ ಅ ಆ ಇ ಈ ಕ್ರಮದ ಕನ್ನಡ ಕೀಬೋರ್ಡ್ ಬಂತು. 2025ರಲ್ಲಿ, ಐಓಎಸ್ 18.4ರಲ್ಲಿ, ಇಡೀ ಫೋನನ್ನೇ ಕನ್ನಡ ಮಾಡಿಕೊಳ್ಳುವ ಅವಕಾಶ ಬಂತು. ಆಂಡ್ರಾಯ್ಡ್ ಆದ ಹತ್ತು ವರ್ಷಕ್ಕೆ, ಪೀಣ್ಯದ ಮೊದಲ ಐಫೋನ್ ಆದ ಎಂಟು ವರ್ಷಕ್ಕೆ. ಬಂದ ದಿನವೇ ನಾನು ಬದಲಾಯಿಸಿಕೊಂಡೆ. ಫೋನು ಒಂದು ಸಲ ಕಪ್ಪಾಗಿ ಬೆಳಗಿತು, ಎಲ್ಲ ಕನ್ನಡ. ಹಾಸ್ಟೆಲಿನ ಆ ಮಸುಕು ಅಕ್ಷರ ನೆನಪಾಗಿ ಗಂಟಲು ತುಂಬಿ ಬಂತು. ಪರದೆಯ ಚಿತ್ರ ತೆಗೆದು ಅಮ್ಮನಿಗೆ ಕಳಿಸಿದೆ.

ಎರಡು ನೀಲಿ ಗೆರೆ ಬಂತು. ಸ್ವಲ್ಪ ಹೊತ್ತು ಏನೂ ಇಲ್ಲ. ಅವಳು ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಪದ ಓದುತ್ತಿರಬೇಕು, ತಪ್ಪು ಹುಡುಕುತ್ತಾ. ಆಮೇಲೆ ಮೆಸೇಜ್ ಬಂತು.

"ಚಿ. ಸೌ. ಪುಟ್ಟಿಗೆ ಆಶೀರ್ವಾದಗಳು. ಅಕ್ಷರ ದುಂಡಗೆ ಚೆನ್ನಾಗಿದೆ. ತ್ರಿಕೋನ ಎಲ್ಲಿ?"